ಆಕಾಶದಲ್ಲಿ ಎದೆ ಹಿಡಿದರೆ

ರಸ್ತೆಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನಿಗೆ ಕೇಸಿನ ಕಾಟ ಬೇಡವೆಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿದರು. ಒಳ್ಳೇದೇ ಆಯ್ತು. ಆದರೆ ಆ ಕಲಂ ಹೇಳುವುದು ವಾಹನ ಅಪಘಾತದ ಮಾತು ಮಾತ್ರ. ವಿಮಾನದಲ್ಲಿ ಒಬ್ಬರಿಗೆ ಎದೆ ಹಿಡಿದು, ಹಿಂದಿನ ಸೀಟಿನ ಡಾಕ್ಟರು ಎದ್ದು ಬಂದು ಸೂಜಿ ಹಾಕಿದರೆ? ಅಮೆರಿಕದವರು 1998ರಲ್ಲೇ ಇದಕ್ಕೆಂದೇ ಕಾಯ್ದೆ ಮಾಡಿಕೊಂಡರು. ಘೋರ ನಿರ್ಲಕ್ಷ್ಯ ಮಾಡದಿದ್ದರೆ ಅಂಥ ಡಾಕ್ಟರ ಮೇಲೆ ಪರಿಹಾರದ ದಾವೆ ನಿಲ್ಲದು.

ಅಪರೂಪದ ಸಂಗತಿಯೆಂದು ತಳ್ಳಿಹಾಕಬೇಡಿ. ಐದು ವಿಮಾನ ಕಂಪನಿಗಳ 2008ರಿಂದ 2010ರವರೆಗಿನ ಲೆಕ್ಕವನ್ನು ಅಮೆರಿಕದ ವೈದ್ಯರು 2013ರಲ್ಲಿ ಪ್ರಕಟಿಸಿದರು: 604 ಹಾರಾಟಕ್ಕೆ ಒಂದು ಪ್ರಸಂಗ. ದಾರಿ ಬದಲಿಸಿ ವಿಮಾನ ಇಳಿಸಿದ್ದು ನೂರಕ್ಕೆ ಏಳರಷ್ಟು ಸಲ ಮಾತ್ರ. ಹೆಚ್ಚುಕಡಿಮೆ ಅರ್ಧದಷ್ಟು ಸಲ ಆಸರೆಯಾದದ್ದು ಟಿಕೇಟು ಕೊಂಡು ಕೂತಿದ್ದ ಡಾಕ್ಟರೇ. 1995ರಲ್ಲಿ ಹಾಂಗ್‌ಕಾಂಗಿನಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಹೆಂಗಸೊಬ್ಬರ ಎದೆಯೊಳಗೆ ಗಾಳಿ ತುಂಬಿಕೊಂಡಾಗ ಪ್ರೊಫೆಸರ್ ಆಂಗಸ್ ವಾಲೇಸ್ ಕೋಟು ನೇತುಹಾಕುವ ತಂತಿ, ಕೊಳವೆ, ನೀರಿನ ಬಾಟಲಿಯಿಂದಲೇ ಗಾಳಿ ತೆಗೆದು ಜೀವ ಉಳಿಸಿದರು. ಬ್ರಾಂದಿಯೂ ಬಳಕೆಯಾಯ್ತು, ತಂತಿ ತೊಳೆಯೋಕೆ!

ನಮ್ಮ ಮಡಕಶಿರಾ ಸೀಮೆಯಿಂದ ಬೆಂಗಳೂರಿಗೆ ಹೋಗಿ ವಿಮಾನ ಹತ್ತುವ ಹಿರಿಯರಿಗೆ ನಾನು ಹೇಳೋದಿಷ್ಟು: ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ನೋವು ಬಂದರೆ ನಾಚಿಕೊಂಡು ಮುಚ್ಚಿಡದೆ, ತೆಲುಗೋ ಕನ್ನಡವೋ, ಬಂದ ಭಾಷೆಯಲ್ಲಿ ಕೂಗಿ. ಕಾಯ್ದೆಯ ಮಾತನ್ನು ನಮ್ಮ ಹಿಂದೂಪುರದ ಎಂಪಿಯವರು ಲೋಕಸಭೆಯಲ್ಲಿ ಎತ್ತಬೇಕು.