ಕೊಂಬು ಯಾರ ಸ್ವತ್ತು?

ಕೊಂಬು ಎಂಬ ಮಾತಿಗೆ ಕನ್ನಡದಲ್ಲಿ ಹಲವು ನೆಲೆಗಳಿವೆ. ಎತ್ತಿನ ತಲೆಯ ಮೇಲಿರುವುದು ಕೊಂಬು. ಜಾತ್ರೆಯಲ್ಲಿ ಊದುವುದು ಕೊಂಬು. ವ್ಯಂಜನಕ್ಕೆ ಹತ್ತುವ ಉಕಾರದ ಚಿಹ್ನೆಯೂ ಕೊಂಬು. ಗರ್ವ ತಲೆಗೇರಿದವನನ್ನು ‘ನಿನಗೇನು ಕೋಡು ಮೂಡಿದೆಯೇ’ ಎಂದು ಕೇಳುವುದುಂಟು. ನೆರೆಯ ತೆಲುಗಿನಲ್ಲಿ ಅದು ಕೊಮ್ಮು. ಸಂಸ್ಕೃತದ ಶೃಂಗದಿಂದ ಬಂದ ಮರಾಠಿಯ ಮಾತು ಶಿಂಗ. ಇಷ್ಟೆಲ್ಲ ಅರ್ಥಗಳನ್ನು ಹೊತ್ತ ಈ ಮಾತಿಗೆ ಕಾಯಿದೆ ಕೊಡುವ ಅರ್ಥ ಬೇರೆಯೇ ಆಗಿದೆ. ಅದನ್ನು ಅರಿಯದವರಿಗೆ ಸೆರೆಮನೆಯ ಬಾಗಿಲು ತೆರೆಯುವ ಸಂಭವವಿರುವುದರಿಂದ, ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಈ ಅರ್ಥವನ್ನೂ ತಿಳಿದಿರಬೇಕು.

ಗುಮ್ಮಘಟ್ಟದ ಸೀಮೆ ವೇದಾವತಿಯ ದಂಡೆಯದು. ಭೈರವನತಿಪ್ಪದ ಜಲಾಶಯವನ್ನು ಬಿಟ್ಟರೆ ಉಳಿದದ್ದು ಬಹುಮಟ್ಟಿಗೆ ಒಣ ಬಯಲು, ಕುರುಚಲು ಗುಡ್ಡ, ಶೇಂಗಾದ ಹೊಲ. ಅನಂತಪುರದ ಇಂಥ ಬಯಲುಗಳಲ್ಲಿ ಕೃಷ್ಣಮೃಗಗಳು ಇಂದಿಗೂ ಸುಳಿಯುತ್ತವೆ. ಬೆಳೆ ಮೇಯುತ್ತವೆ ಎಂಬ ರೈತರ ದೂರೂ ಇದೆ. ಕುರಿ ಕಾಯುವವನಿಗೆ ಗುಡ್ಡದ ಬದಿಯಲ್ಲಿ ಒಂದು ತಲೆಬುರುಡೆ, ಸುರುಳಿ ಸುತ್ತಿದ ಜೋಡಿ ಕೊಂಬು ಸಿಗಬಹುದು. ಪ್ರಾಣಿಯನ್ನು ಕೊಂದವನು ಅವನಲ್ಲ. ಚೆಂದವಾಗಿದೆಯೆಂದು ಮನೆಗೆ ತಂದು ಗೋಡೆಗೆ ಸಿಕ್ಕಿಸಿದರೆ ತಪ್ಪೇನು ಎಂದು ಅವನಿಗೆ ಅನಿಸುವುದು ಸಹಜ.

ಕಾಯಿದೆಯ ಉತ್ತರ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 39ನೆಯ ಪ್ರಕರಣದಂತೆ ಸತ್ತು ಸಿಕ್ಕ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅಂಥ ಸ್ವತ್ತು ಕೈಗೆ ಬಂದವನು 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ವರದಿ ಮಾಡಬೇಕು. ಲಿಖಿತ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ಕೆಡಿಸುವಂತೆಯೂ ಇಲ್ಲ. ಚರ್ಮ, ಕೊಂಬು, ಮೂಳೆ, ಉಗುರು, ಹಲ್ಲು, ಗರಿ, ಕೂದಲು ಇವೆಲ್ಲವೂ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಕೃಷ್ಣಮೃಗ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿಯಾದುದರಿಂದ ಅದಕ್ಕೆ ಸಂಬಂಧಿಸಿದ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ. 2022ರ ತಿದ್ದುಪಡಿಯ ಬಳಿಕ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ.

ಇದು ಅತಿಯಾಯಿತೆಂಬ ಆಕ್ಷೇಪವಿದೆ. ಸತ್ತ ಪ್ರಾಣಿಯ ಮೂಳೆಯಿಂದ ಬದುಕಿರುವ ಪ್ರಾಣಿಗೆ ಯಾವ ಹಾನಿ ಎಂದು ಕೇಳುವವರಿದ್ದಾರೆ. ಆದರೆ ಬುರುಡೆಗೆ ಬಾಯಿಲ್ಲ. ಅದು ಮುಪ್ಪಿನಿಂದ ಸತ್ತ ಪ್ರಾಣಿಯದೋ, ಉರುಲಿಗೆ ಬಿದ್ದುದೋ, ಗುಂಡಿಗೆ ಬಲಿಯಾದುದೋ ಎಂದು ಗೋಡೆಯ ಮೇಲಿನ ಕೊಂಬು ಹೇಳುವುದಿಲ್ಲ. ‘ಸಿಕ್ಕಿದ್ದು’ ಎಂಬ ಮಾತನ್ನು ಕಾಯಿದೆ ಒಪ್ಪಿಕೊಂಡರೆ, ಕೊಂದವನೂ ಅದೇ ಮಾತನ್ನು ಹೇಳುತ್ತಾನೆ. ಬೆಲೆಯಿರುವ ವಸ್ತುವಿಗೆ ಕೊಳ್ಳುವವರಿದ್ದಾರೆ. ಕೊಳ್ಳುವವರಿದ್ದಲ್ಲಿ ಸಾವುಗಳು ತಾವಾಗಿಯೇ ಕಾಯುವುದಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಚುಕ್ಕೆ ಜಿಂಕೆ, ಕಡವೆಗಳ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಮೂಡುತ್ತದೆ. ಕೃಷ್ಣಮೃಗದ ಕೊಂಬು ಹಾಗಲ್ಲ. ಅದು ಬದುಕಿರುವಷ್ಟು ಕಾಲವೂ ತಲೆಯ ಮೇಲಿರುತ್ತದೆ. ಆದ್ದರಿಂದ ಕೃಷ್ಣಮೃಗದ ಕೊಂಬಿನ ಜೋಡಿ ಎಲ್ಲಿದೆಯೋ ಅಲ್ಲಿ ಒಂದು ಸಾವು ಇದೆ. ಕನ್ನಡ ಎರಡನ್ನೂ ಕೊಂಬು ಎಂದೇ, ಎರಡು ಪ್ರಾಣಿಗಳನ್ನೂ ಜಿಂಕೆ ಎಂದೇ ಕರೆಯುವುದರಿಂದ ಈ ಭೇದ ಮಾತಿನಲ್ಲಿ ಮರೆಯಾಗಿದೆ. ಉದುರಿದ ಕವಲುಗೊಂಬಾದರೂ ಕಾಡಿಗೆ ಕಸವಲ್ಲ. ಮುಳ್ಳುಹಂದಿಗಳೂ ಜಿಂಕೆಗಳೂ ಅದನ್ನು ಕಡಿದು ಸುಣ್ಣದ ಅಂಶವನ್ನು ಪಡೆಯುತ್ತವೆ. 1927ರ ಭಾರತೀಯ ಅರಣ್ಯ ಕಾಯಿದೆ ಕಾಡಿನಲ್ಲಿ ಸಿಕ್ಕ ಕೊಂಬು, ಮೂಳೆಗಳನ್ನು ಅರಣ್ಯೋತ್ಪನ್ನವೆಂದೇ ಎಣಿಸಿದೆ.

ಹಳೆಯ ಆಚಾರಗಳ ಮಾತೂ ಇದೆ. ಉಪನಯನದಲ್ಲಿ ಕೃಷ್ಣಾಜಿನದ ತುಂಡು, ತಪಸ್ವಿಗೆ ವ್ಯಾಘ್ರಾಜಿನ, ಮಗುವಿನ ಕೊರಳಿಗೆ ಹುಲಿಯುಗುರು ಇವು ಪರಂಪರೆಯಲ್ಲವೇ ಎಂದು ಕೇಳುವವರು ಅದೇ ಪರಂಪರೆಯ ಇನ್ನೊಂದು ಕಥೆಯನ್ನೂ ನೆನೆಯಬೇಕು. ಮಹಾಭಾರತದ ಅರಣ್ಯಪರ್ವದಲ್ಲಿ ದ್ವೈತವನದ ಮೃಗಗಳು ಧರ್ಮರಾಯನ ಕನಸಿನಲ್ಲಿ ಬಂದು, ತಮ್ಮ ಕುಲದಲ್ಲಿ ಬೀಜಮಾತ್ರ ಉಳಿದಿದೆ, ಬೇರೆಡೆಗೆ ಹೋಗಿ ತಮ್ಮನ್ನು ಉಳಿಸಬೇಕೆಂದು ಬೇಡಿಕೊಳ್ಳುತ್ತವೆ. ಬೇಟೆಯೇ ಕ್ಷತ್ರಿಯರ ಆಹಾರವಾಗಿದ್ದ ವನವಾಸದಲ್ಲಿಯೂ ಧರ್ಮರಾಯ ಆ ಮಾತಿಗೆ ಓಗೊಟ್ಟು ಕಾಮ್ಯಕವನಕ್ಕೆ ತೆರಳುತ್ತಾನೆ. ಪರಂಪರೆಯಲ್ಲಿ ಅಜಿನವಿರುವಂತೆಯೇ ಈ ಕನಸೂ ಇದೆ. ಯಾವುದನ್ನು ಇಂದು ಉಳಿಸಿಕೊಳ್ಳಬೇಕೆಂಬುದು ವಿವೇಕಕ್ಕೆ ಬಿಟ್ಟ ವಿಷಯ.

ಆದರೆ ನಿಯಮ ನ್ಯಾಯವಾದುದೆಂದ ಮಾತ್ರಕ್ಕೆ ಅದರ ಆಚರಣೆಯೂ ನ್ಯಾಯವಾಗಿದೆಯೆಂದು ಹೇಳುವಂತಿಲ್ಲ. 1972ರಲ್ಲಿ ಹಳೆಯ ಸಂಗ್ರಹಗಳನ್ನು ಘೋಷಿಸಲು ಕೊಟ್ಟ ಅವಧಿ 30 ದಿನ. 2003ರ ನಿಯಮಗಳು ಮತ್ತೆ 180 ದಿನಗಳನ್ನು ಕೊಟ್ಟವು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಧರಿಸಿದ್ದ ಕಿರುತೆರೆಯ ಸ್ಪರ್ಧಿಯೊಬ್ಬರ ಬಂಧನವಾಗಿ ಗದ್ದಲವೆದ್ದ ಮೇಲೆ, 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇಂಥ ವಸ್ತುಗಳನ್ನು ಹಿಂದಿರುಗಿಸಲು ಮೂರು ತಿಂಗಳ ಅವಕಾಶ ಕೊಟ್ಟಿತು. ಇಂಥ ಅವಕಾಶಗಳ ಸುದ್ದಿ ರಾಜಪತ್ರವನ್ನೂ ವಕೀಲರನ್ನೂ ಬಲ್ಲ ಮನೆಗಳಿಗೆ ಬೇಗ ತಲುಪುತ್ತದೆ; ಕುರಿಹಟ್ಟಿಗೆ ತಲುಪುವುದಿಲ್ಲ. ಬಂಗಲೆಯ ಗೋಡೆಯ ಕೊಂಬಿಗೆ ಪ್ರಮಾಣಪತ್ರ, ಗುಡಿಸಲಿನ ಕೊಂಬಿಗೆ ಮೊಕದ್ದಮೆ ಎಂಬಂತಾದರೆ ಕಾಯಿದೆಯ ಮೇಲಿನ ಗೌರವ ಕುಂದುತ್ತದೆ. 48 ಗಂಟೆಗಳೊಳಗೆ ತಾನಾಗಿ ಬಂದು ತಿಳಿಸಿದವನನ್ನು ಅನುಮಾನದಿಂದ ನೋಡದೆ ಸಹಾಯಕನೆಂದು ಬರಮಾಡಿಕೊಳ್ಳುವ ನಡೆ ಠಾಣೆಗಳಲ್ಲಿ ಬೆಳೆಯಬೇಕು. ಇಲ್ಲವಾದರೆ ಜನ ವರದಿ ಮಾಡುವ ಬದಲು ಹೂತುಹಾಕುತ್ತಾರೆ; ಕೊಂದವನ ಸುಳಿವೂ ಅದರೊಡನೆ ಮಣ್ಣಾಗುತ್ತದೆ.

ಗಡಿಸೀಮೆಯ ತೊಡಕು ಇನ್ನೊಂದು. ಗುಮ್ಮಘಟ್ಟದ ಬಯಲಿನಲ್ಲಿ ಸತ್ತ ಜಿಂಕೆ ಆಂಧ್ರಪ್ರದೇಶದ ಸ್ವತ್ತು. ಗಡಿ ದಾಟಿ ಮೊಳಕಾಲ್ಮೂರಿನ ಕಡೆ ಸತ್ತರೆ ಕರ್ನಾಟಕದ್ದು. ಕನ್ನಡವಾಡುವ ಕುರಿಗಾಹಿಗೆ ಆಂಧ್ರದ ಪ್ರಕಟಣೆ ತೆಲುಗಿನಲ್ಲಿ ದೊರೆತೀತು, ಕಾಯಿದೆಯ ಮೂಲ ಇಂಗ್ಲಿಷಿನಲ್ಲಿದೆ. ಅವನ ಮಾತಿನಲ್ಲಿ ಅದನ್ನು ಹೇಳುವವರು ಯಾರು?

ಕನ್ನಡ ವಿದ್ಯಾರ್ಥಿಗಳ ಕೆಲಸ ಇರುವುದು ಇಲ್ಲಿಯೇ. 39ನೆಯ ಪ್ರಕರಣದ ಸಾರವನ್ನು ಒಂದೇ ಪುಟದ ತಿಳಿಗನ್ನಡಕ್ಕೆ ಇಳಿಸುವುದು ಅನುವಾದ ಪತ್ರಿಕೆಯ ಒಳ್ಳೆಯ ಅಭ್ಯಾಸ. ಅದನ್ನು ಹಳ್ಳಿಯ ಕಟ್ಟೆಗಳಲ್ಲಿ ಓದಿ ಹೇಳುವುದು ಅದಕ್ಕಿಂತ ಒಳ್ಳೆಯ ಅಭ್ಯಾಸ. ಜಾನಪದ ಕ್ಷೇತ್ರಕಾರ್ಯಕ್ಕೆ ಹೋದವರು ಹಳೆಯ ಮನೆಗಳಲ್ಲಿ ಕೊಂಬು, ಬುರುಡೆಗಳನ್ನು ಕಂಡರೆ ವಸ್ತುಸಂಗ್ರಹಕ್ಕೆಂದು ಹೊತ್ತು ತರಬಾರದು. ಮನೆಯವರು ಪ್ರೀತಿಯಿಂದ ಕೊಟ್ಟರೂ ಒಪ್ಪಬಾರದು. ಅದರ ಹೆಸರು, ಅದನ್ನು ಕುರಿತ ಕಥೆ, ಹಾಡು, ನಂಬಿಕೆಗಳನ್ನು ಬರೆದುಕೊಂಡರೆ ಸಾಕು. ಪ್ರಮಾಣಪತ್ರವಿರುವ ಹಳೆಯ ವಸ್ತು ಬೇಡವೆನಿಸಿದರೆ ಅದನ್ನು ಇಲಾಖೆಗೆ ಒಪ್ಪಿಸಲು 2022ರ ತಿದ್ದುಪಡಿ ದಾರಿ ಮಾಡಿದೆಯೆಂಬುದನ್ನು ಮನೆಯವರಿಗೆ ತಿಳಿಸಿ ಬರಬೇಕು. ಮಾತಿಗೆ ಯಾವ ಸರ್ಕಾರದ ಅನುಮತಿಯೂ ಬೇಡ. ಅದನ್ನು ಎಷ್ಟು ಹೊತ್ತು ತಂದರೂ ಕೊಟ್ಟವರ ಮನೆಯಲ್ಲಿ ಕಡಿಮೆಯಾಗುವುದಿಲ್ಲ.