ಕಾಲುದಾರಿಯ ಶುದ್ಧಪಾಠ

ಓಲೆಯ ಅಂಚು ಮುರಿದು ಅಕ್ಷರ ಲುಪ್ತವಾಗಿದ್ದಲ್ಲಿ, ಗ್ರಂಥಸಂಪಾದಕನು ತಾನು ಊಹಿಸಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾನೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಓದುಗನಿಗೆ ತಿಳಿಯಬೇಕೆಂಬುದೇ ಇದರ ಉದ್ದೇಶ. ಸಂಪಾದನೆಯ ಈ ಮೊದಲ ಶಿಸ್ತು ಬೆಟ್ಟದ ಕಾಲುದಾರಿಗಳನ್ನು ನಕ್ಷೆಗೆ ಇಳಿಸುವವರಿಗೂ ಅನಿವಾರ್ಯವೆಂಬುದು ನನ್ನ ಅಭಿಪ್ರಾಯ.

೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರಜಾಲ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಸ್ಥಳಕ್ಕೆ ಹೋಗಿ ಪರಿಶೀಲಿಸಬಹುದಾದುದನ್ನು ಮಾತ್ರ ದಾಖಲಿಸಬೇಕೆಂಬುದು ಅದರ ಮೂಲತತ್ತ್ವ. ಚಾರಣಿಗರು ಬಳಸುವ ಹಲವು ಮೊಬೈಲ್ ಆ್ಯಪ್‌ಗಳಿಗೆ ಈ ನಕ್ಷೆಯೇ ಆಧಾರ. ಆದುದರಿಂದ ಒಬ್ಬನು ಮನೆಯಲ್ಲಿ ಕುಳಿತು ಎಳೆದ ತಪ್ಪು ಗೆರೆ ಮತ್ತೊಬ್ಬನನ್ನು ಮಂಜು ಕವಿದ ಇಳಿಜಾರಿಗೆ ಒಯ್ಯಬಲ್ಲುದು. ಲಿಪಿಕಾರನ ಸ್ಖಾಲಿತ್ಯದಿಂದ ಪದ್ಯದ ಅರ್ಥ ಕೆಡುತ್ತದೆ. ಇಲ್ಲಿ ಜೀವಕ್ಕೇ ಸಂಚಕಾರ ಬರುತ್ತದೆ.

ಕುಮಾರಪರ್ವತದ ದಾರಿಯನ್ನೇ ನಿದರ್ಶನವಾಗಿ ನೋಡಬಹುದು. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟ ದಾರಿ ಮೊದಲು ದಟ್ಟ ಕಾಡಿನೊಳಗೆ ಏರುತ್ತದೆ. ಗಿರಿಗದ್ದೆಯನ್ನು ದಾಟಿದ ಮೇಲೆ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ. ಅನಂತರ ಮತ್ತೆ ಕಾಡು, ಕೊನೆಗೆ ೧೭೧೨ ಮೀಟರ್ ಎತ್ತರದ ಶಿಖರ. ಕಾಡಿನ ಭಾಗದಲ್ಲಿ ಉಪಗ್ರಹಚಿತ್ರಕ್ಕೆ ದಾರಿ ಕಾಣುವುದಿಲ್ಲ. ಎಲೆಗಳ ಮರೆಯಲ್ಲಿ ಜಿಪಿಎಸ್ ಸಂಕೇತ ಕ್ಷೀಣಿಸಿ ಗೆರೆ ಆಚೀಚೆ ಸರಿಯುತ್ತದೆ. ಹುಲ್ಲುಗಾವಲಿನಲ್ಲಿ ಇದಕ್ಕೆ ವಿರುದ್ಧವಾದ ತೊಡಕು: ಚಿತ್ರದಲ್ಲಿ ಗೆರೆಗಳು ಹಲವು ಕಾಣುತ್ತವೆ. ಅವುಗಳಲ್ಲಿ ಮನುಷ್ಯರ ದಾರಿ ಯಾವುದು, ದನಗಳು ತುಳಿದ ಜಾಡು ಯಾವುದು, ಮಳೆನೀರು ಕೊರೆದ ಸೀಳು ಯಾವುದು ಎಂಬುದು ನಡೆದವನಿಗಷ್ಟೇ ಗೊತ್ತು. ಇದಕ್ಕೆ ಪರಿಹಾರವೂ ಸಂಪಾದಕನದೇ. ಒಂದೇ ಪ್ರತಿಯನ್ನು ನೆಚ್ಚದೆ, ಬೇರೆ ಬೇರೆ ದಿನಗಳಲ್ಲಿ ನಡೆದವರ ಜಿಪಿಎಸ್ ಜಾಡುಗಳನ್ನು ಪಾಠಾಂತರಗಳಂತೆ ಹೋಲಿಸಿ ನೋಡಬೇಕು.

ಸಂಪಾದಕನ ಕಂಸಕ್ಕೆ ಸಮಾನವಾದ ಸೌಲಭ್ಯವೂ ಈ ನಕ್ಷೆಯಲ್ಲಿದೆ. ದಾರಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ದರ್ಜೆಗಳಲ್ಲಿ ಹೇಳಬಹುದು. ಅದರ ಕಾಠಿಣ್ಯವನ್ನು ಸ್ವಿಸ್ ಆಲ್ಪೈನ್ ಕ್ಲಬ್ಬಿನ ಮಾನದಂಡದಿಂದ ಸೂಚಿಸಬಹುದು. ಇವುಗಳನ್ನು ಖಾಲಿ ಬಿಟ್ಟ ಗೆರೆ, ಸವೆದ ಹೆದ್ದಾರಿಗೂ ಅಳಿಸಿಹೋದ ಜಾಡಿಗೂ ಒಂದೇ ಬಗೆಯ ಖಚಿತತೆಯನ್ನು ಆರೋಪಿಸುತ್ತದೆ. ಗೆರೆ ಎಳೆದು ಗುಣಲಕ್ಷಣವನ್ನು ಬರೆಯದಿರುವುದು ಅರ್ಧ ಕೆಲಸವಷ್ಟೇ ಅಲ್ಲ, ತಪ್ಪು ಕೆಲಸ.

ಅಭಯಾರಣ್ಯದೊಳಗಿನ ದಾರಿಗಳನ್ನು ನಕ್ಷೆಯಿಂದ ಅಳಿಸಿಬಿಡಬೇಕೆಂಬ ವಾದವೊಂದಿದೆ. ಜನಸಂದಣಿಯಿಂದ ಕಾಡಿಗೆ ಹಾನಿಯೆಂಬ ಅದರ ಕಳಕಳಿ ಸಾಧುವೇ. ಆದರೆ ನೆಲದ ಮೇಲಿರುವ ದಾರಿಯನ್ನು ಇಂದು ಅಳಿಸಿದರೆ ನಾಳೆ ಮತ್ತೊಬ್ಬನು, ಏನೂ ತಿಳಿಯದವನು, ಅದನ್ನೇ ಮತ್ತೆ ಎಳೆಯುತ್ತಾನೆ. ದಾರಿಯನ್ನು ಉಳಿಸಿಕೊಂಡು, ಅನುಮತಿ ಬೇಕು ಎಂದೋ ಪ್ರವೇಶವಿಲ್ಲ ಎಂದೋ ಅದರ ಮೇಲೆಯೇ ದಾಖಲಿಸುವುದು ಹೆಚ್ಚು ಪ್ರಾಮಾಣಿಕವೂ ಹೆಚ್ಚು ಉಪಯುಕ್ತವೂ ಆದ ಕ್ರಮ. ಪಾಠವನ್ನು ಅಳಿಸುವುದಕ್ಕಿಂತ ಟಿಪ್ಪಣಿ ಬರೆಯುವುದೇ ಲೇಸು.

ಸಾಹಿತ್ಯದ ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದ ಕೆಲಸವೊಂದಿದೆ. ಈ ಶಿಖರಕ್ಕೆ ಕುಮಾರಪರ್ವತ, ಪುಷ್ಪಗಿರಿ ಎಂಬ ಎರಡು ಹೆಸರುಗಳಿವೆ. ಎರಡನ್ನೂ ದಾಖಲಿಸಲು ನಕ್ಷೆಯಲ್ಲಿ ಅವಕಾಶವಿದೆ, ಕನ್ನಡ ಲಿಪಿಯ ಹೆಸರಿಗೆ ಪ್ರತ್ಯೇಕ ಸ್ಥಾನವೂ ಇದೆ. ಬಂಡೆ, ತೊರೆ, ಕಣಿವೆಗಳ ಎಷ್ಟೋ ಹೆಸರುಗಳು ಯಾವ ಗ್ರಂಥಕ್ಕೂ ಸೇರದೆ ಊರಿನ ಹಿರಿಯರ ಬಾಯಲ್ಲಿ ಮಾತ್ರ ಉಳಿದಿವೆ. ಸ್ಥಳನಾಮಗಳನ್ನು ಅಭ್ಯಾಸ ಮಾಡುವವರು ಅವರನ್ನು ಕೇಳಿ, ಉಚ್ಚಾರಣೆಯನ್ನು ಸರಿಯಾಗಿ ಗುರುತಿಸಿ, ದಾರಿಯ ಜೊತೆಗೆ ಹೆಸರನ್ನೂ ಸೇರಿಸಬೇಕು. ಹಿರಿಯರೊಡನೆ ಹೆಸರು ಅಳಿದರೆ, ಅದನ್ನು ಮತ್ತೆ ಹುಡುಕಲು ಯಾವ ಉಪಗ್ರಹವೂ ನೆರವಾಗದು.