ಬೇಲಿ ಇರಲಿ, ತಡಬೆಯೂ ಇರಲಿ

ಕಳೆದ ವರ್ಷ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಲಂಡನ್ನಿನಲ್ಲಿದ್ದೆ. ಮೇ ತಿಂಗಳ ಒಂದು ಶನಿವಾರ ಮೆರಿಲಬೋನ್ ನಿಲ್ದಾಣದಲ್ಲಿ ರೈಲು ಹತ್ತಿ, ತಾಸಿನೊಳಗೆ ವೆಂಡೋವರ್ ಎಂಬ ಊರಿನಲ್ಲಿ ಇಳಿದೆ. ಚಿಲ್ಟರ್ನ್ಸ್ ಗುಡ್ಡಗಳ ಬುಡದ ಊರು ಅದು. ಗುಡ್ಡ, ಕಾಡು, ಹಳ್ಳಿ ಸುತ್ತಿ ಸಂಜೆ ಅದೇ ನಿಲ್ದಾಣಕ್ಕೆ ಮರಳುವುದೆಂದು ಲೆಕ್ಕ ಹಾಕಿದ್ದೆ. ಸುಮಾರು ಹದಿನೈದು ಕಿಲೋಮೀಟರ್ ನಡಿಗೆ. ಚೀಲದಲ್ಲಿ ಚಪಾತಿ, ಚಟ್ನಿಪುಡಿ. ಕೈಯಲ್ಲಿ ಅಲ್ಲಿನ ಆರ್ಡ್‌ನೆನ್ಸ್ ಸರ್ವೆಯ ನಕ್ಷೆ.

ಆ ಗುಡ್ಡಗಳೆಲ್ಲ ಸೀಮೆಸುಣ್ಣದವು. ಡೈನೋಸಾರ್‌ಗಳಿದ್ದ ಕಾಲದಲ್ಲಿ ಅಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪು ಕೂತು ಕೂತು ಆದ ಬಿಳಿ ಕಲ್ಲು ಅದು. ಈಗ ಶಾಲೆಯಲ್ಲಿ ಬಳಸುವ ಚಾಕ್‌ಪೀಸು ಹೆಚ್ಚಾಗಿ ಜಿಪ್ಸಮ್ಮಿನದು. ಆದರೆ ಸೀಮೆ ಎಂದರೆ ಪರದೇಶ, ಅಲ್ಲಿಯ ಸುಣ್ಣ ಸೀಮೆಸುಣ್ಣ ಎಂಬುದು ಆ ದಿನ ಬೂಟಿನ ತಳಕ್ಕೆ ಅಂಟಿದ ಬಿಳಿ ಕೆಸರು ನೋಡಿದಾಗಲೇ ನನಗೆ ಹೊಳೆದದ್ದು.

ಕೂಂಬ್ ಹಿಲ್ ನೆತ್ತಿಯಲ್ಲಿ ಬೋಯರ್ ಯುದ್ಧದಲ್ಲಿ ಸತ್ತವರ ಸ್ಮಾರಕವಿದೆ. ಅಲ್ಲಿಂದ ಕೆಳಗೆ ಏಲ್ಸ್‌ಬರಿ ಬಯಲು ಉದ್ದಕ್ಕೂ ಕಾಣುತ್ತದೆ. ಆಮೇಲೆ ಬೀಚ್ ಮರಗಳ ಕಾಡು. ಅದನ್ನು ದಾಟಿದ ಮೇಲೆ ಕಂಡದ್ದು ಮಾತ್ರ ನಾನು ನಿರೀಕ್ಷಿಸಿದ್ದಲ್ಲ. ಚೆಕರ್ಸ್ ಎಂಬ ದೊಡ್ಡ ಬಂಗಲೆ, 1921ರಿಂದ ಬ್ರಿಟನ್ ಪ್ರಧಾನಿಗಳು ವಾರಾಂತ್ಯ ಕಳೆಯುವ ಮನೆ. ರಿಡ್ಜ್‌ವೇ ಎಂಬ ಕಾಲುದಾರಿ ಆ ಮನೆಗೆ ಹೋಗುವ ಮುಖ್ಯ ರಸ್ತೆಯನ್ನೇ ಅಡ್ಡ ಹಾಯುತ್ತದೆ. ಕ್ಯಾಮೆರಾ ಇದೆ, ದಾರಿ ಬಿಟ್ಟು ಒಳಗೆ ಕಾಲಿಟ್ಟರೆ ಅಪರಾಧ ಎಂಬ ಫಲಕವಿದೆ. ಆದರೆ ದಾರಿಯಲ್ಲಿ ನಡೆಯುವವರನ್ನು ಯಾರೂ ತಡೆಯುವುದಿಲ್ಲ. ಚಪಾತಿ ಚೀಲ ಹೊತ್ತ ನಾನು ಗುರುತಿನ ಚೀಟಿಯನ್ನೂ ತೋರಿಸದೆ ಪ್ರಧಾನಿಯ ಅಂಗಳ ದಾಟಿದೆ.

ಮುಂದೆ ಲಿಟಲ್ ಹ್ಯಾಂಪ್ಡನ್, ಡನ್ಸ್‌ಮೋರ್ ಎಂಬ ಪುಟ್ಟ ಹಳ್ಳಿಗಳು. ದಾರಿ ಕೆಲವು ಕಡೆ ಯಾರದೋ ಹೊಲದ ನಡುವೆಯೇ ಹೋಗುತ್ತಿತ್ತು. ಉತ್ತ ಮೇಲೆ ಆ ದಾರಿಯನ್ನು ಮೊದಲಿನಂತೆ ಮಾಡಿಕೊಡುವುದು ಅಲ್ಲಿ ರೈತನ ಹೊಣೆ. ಬೇಲಿ ಬಂದಲ್ಲಿ ಹತ್ತಿ ಇಳಿಯಲು ಎರಡು ಹಲಗೆ, ಇಲ್ಲವೇ ಒಬ್ಬರು ನುಸುಳಬಹುದಾದ, ದನ ನುಸುಳಲಾಗದ ಗೇಟು. ಅದನ್ನು ನೋಡಿದ ಕೂಡಲೇ ಬಾಯಿಗೆ ಬಂದ ಪದ, ತಡಬೆ. ಶಿರಸಿ ತಾಲೂಕಿನ ನಮ್ಮ ಊರಲ್ಲಿ ನಾನು ಸಾವಿರ ಸಲ ದಾಟಿದ ತಡಬೆ. ಇಪ್ಪತ್ತು ವರ್ಷದಿಂದ ಆ ಪದ ಆಡಿಯೇ ಇರಲಿಲ್ಲ.

ಇದೆಲ್ಲ ಇಂಗ್ಲಿಷರ ದೊಡ್ಡ ಮನಸ್ಸಿನಿಂದ ಆದದ್ದೆಂದು ತಿಳಿಯಬೇಕಿಲ್ಲ. 1932ರ ಏಪ್ರಿಲ್‌ನಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಜಮೀನ್ದಾರರ ಕಾವಲುಗಾರರನ್ನು ಧಿಕ್ಕರಿಸಿ ನೂರಾರು ಮಂದಿ ನುಗ್ಗಿದರು. ಐವರು ಜೈಲು ಸೇರಿದರು. 1949ರಲ್ಲಿ ಬಂದ ಕಾನೂನು, ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಬೇಕೆಂದು ವಿಧಿಸಿತು. ನಕ್ಷೆಯಲ್ಲಿ ಬಂದ ದಾರಿ, ಹೊಲ ಮಾರಾಟವಾದರೂ ಅಳಿಯುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು ಎರಡೂಕಾಲು ಲಕ್ಷ ಕಿಲೋಮೀಟರ್.

ಈಗ ನನ್ನ ತಪ್ಪಿನ ವಿಚಾರಕ್ಕೆ ಬರುತ್ತೇನೆ.

ನಮ್ಮ ತೋಟದ ಅಂಚಿನಲ್ಲಿ ಆಚೆ ಕೇರಿಯಿಂದ ಬಸ್ ನಿಲ್ದಾಣಕ್ಕೆ ಹೋಗುವ ಕಾಲುದಾರಿ ಇತ್ತು. ಅಜ್ಜನ ಕಾಲದಿಂದಲೂ ಇತ್ತು. ನಾಲ್ಕು ವರ್ಷದ ಹಿಂದೆ ಹಂದಿ, ಕಾಡೆಮ್ಮೆ ಕಾಟ ಹೆಚ್ಚಿತೆಂದು ಅಪ್ಪ ತಂತಿ ಬೇಲಿ ಹಾಕಿಸುವ ಮಾತೆತ್ತಿದರು. ನಾನು ಪುಣೆಯಲ್ಲಿ ಕೂತು ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ನೋಡಿ, "ಪೂರ್ತಿ ಸುತ್ತ ಹಾಕಿಸಿ, ಅರ್ಧಂಬರ್ಧ ಬೇಡ" ಎಂದು ದುಡ್ಡು ಕಳಿಸಿದೆ. "ದಾರಿ ಏನು ಮಾಡೋದು ಮಾರಾಯ?" ಎಂದು ಅಪ್ಪ ಕೇಳಿದ್ದರು. "ಈಗ ಎಲ್ಲರ ಮನೆಲೂ ಬೈಕ್ ಇದೆಯಲ್ಲ" ಎಂದಿದ್ದೆ.

ಎಲ್ಲರ ಮನೆಯಲ್ಲೂ ಬೈಕ್ ಇಲ್ಲ. ಇದ್ದರೂ ಎಪ್ಪತ್ತು ದಾಟಿದ ಹೆಂಗಸು ಅದನ್ನು ಓಡಿಸುವುದಿಲ್ಲ. ಲಂಡನ್ನಿನಿಂದ ಬಂದ ಮೇಲೆ ಊರಿಗೆ ಹೋದಾಗ ಆಚೆ ಕೇರಿಯ ಒಬ್ಬ ಅಜ್ಜಿ ಡಾಂಬರು ರಸ್ತೆಯಲ್ಲಿ ಬಳಸಿಕೊಂಡು ಬರುತ್ತಿದ್ದುದು ಕಂಡಿತು. ಐದು ನಿಮಿಷದ ದಾರಿಗೆ ಅವರು ಅರ್ಧ ಗಂಟೆ ನಡೆಯುತ್ತಾರೆ. ನನ್ನನ್ನು ನೋಡಿ ನಕ್ಕು, "ಯಾವಾಗ ಬಂದ್ಯೋ ತಮಾ?" ಎಂದು ಕೇಳಿದರು. ಬೇಲಿಯ ಮಾತೇ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಭೂದಾಖಲೆ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡು ನೋಡಿದೆ. ಕರ್ನಾಟಕದ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿ ಗುರುತಿಸುವ ಪದ್ಧತಿ ಇದೆ. ನಕಾಶೆಯಲ್ಲಿ ಕಂಡ ದಾರಿಯನ್ನು ಯಾರಾದರೂ ಮುಚ್ಚಿದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಮ್ಮ ಈ ದಾರಿ ನಕ್ಷೆಯಲ್ಲಿ ಇರಲಿಲ್ಲ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ 1882ರ ಕಾಯಿದೆಯ ಬಲವೇನೋ ಇದೆ. ಆದರೆ ಬಸ್ಸಿಗೆ ಹೋಗುವ ಅಜ್ಜಿ ಅದಕ್ಕಾಗಿ ಕೋರ್ಟಿಗೆ ಹೋಗುತ್ತಾರೆಯೇ? ಅಂಥ ದಾರಿಗಳು ಇಷ್ಟು ಕಾಲ ಉಳಿದದ್ದು ಕಾನೂನಿನಿಂದಲ್ಲ, ತೋಟದ ಯಜಮಾನ ಊರಲ್ಲೇ ಇದ್ದು, ದಾಟುವವರ ಮುಖ ದಿನಾ ನೋಡಬೇಕಿದ್ದುದರಿಂದ.

ನಾವು ಹೊರನಾಡಿನವರು ಆ ಮುಖಗಳನ್ನು ನೋಡುವುದಿಲ್ಲ. ನಮಗೆ ಕಾಣುವುದು ಪಹಣಿಯ ಗುಂಟೆ ಲೆಕ್ಕ, ಡ್ರೋನ್ ಚಿತ್ರ. ದೂರವಿದ್ದಷ್ಟೂ ಒತ್ತುವರಿಯ ಭಯ ಹೆಚ್ಚು, ಬೇಲಿಯ ಎತ್ತರವೂ ಹೆಚ್ಚು. ವಿಚಿತ್ರವೆಂದರೆ ಮಳೆಗಾಲದ ಪ್ರತಿ ಭಾನುವಾರ ಪುಣೆಯ ಗೆಳೆಯರೊಡನೆ ರಾಜಗಡ, ತೋರಣಾ ಎಂದು ಹೊರಟಾಗ ನಾವು ಯಾರ್ಯಾರದೋ ಗದ್ದೆಯ ಬದುವಿನ ಮೇಲೆ ನಡೆಯುತ್ತೇವೆ. ಯಾರೂ ಬೈಯುವುದಿಲ್ಲ. ಹೊಲದ ನಡುವಿನ ದಾರಿಗೆ ಮರಾಠಿಯಲ್ಲಿ ಪಾಣಂದ ಎನ್ನುತ್ತಾರೆ. ಅವನ್ನು ತೆರವು ಮಾಡಿ ಗಟ್ಟಿ ಮಾಡಲು ಅಲ್ಲಿ ಸರಕಾರದ ಯೋಜನೆಯೇ ಇದೆ.

ಬೇಲಿ ಬೇಡ ಎನ್ನುತ್ತಿಲ್ಲ. ಒಂದು ರಾತ್ರಿಯಲ್ಲಿ ಹಂದಿ ಮಾಡುವ ಹಾಳು ನೋಡಿದವನು ಹಾಗೆನ್ನಲಾರ. ಅಡಕೆ ಕಳ್ಳತನವೂ ಸುಳ್ಳಲ್ಲ. ಆದರೆ ಪ್ರಾಣಿಯನ್ನು ತಡೆದು ಮನುಷ್ಯನನ್ನು ಬಿಡುವ ಉಪಾಯ ನಮ್ಮ ಹಿರಿಯರಿಗೆ ಗೊತ್ತಿತ್ತು, ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ಈ ಸಲ ಊರಿಗೆ ಹೋದಾಗ ನಿಮ್ಮ ಜಮೀನಿನ ಸುತ್ತ ಒಮ್ಮೆ ನಡೆದು ನೋಡಿ. ಬೇಲಿಯ ಆಚೆ ತುಂಡಾಗಿ ನಿಂತ ದಾರಿ ಇದೆಯೇ? ಅದರಲ್ಲಿ ಯಾರು ನಡೆಯುತ್ತಿದ್ದರು ಎಂದು ಮನೆಯಲ್ಲಿ ಕೇಳಿ. ನಕ್ಷೆಯಲ್ಲಿದ್ದರೆ ಬಿಟ್ಟುಕೊಡಿ, ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಒಂದು ಮಾತು ಬರೆಸಿಡಿ, ಮುಂದೆ ಮಕ್ಕಳು ಮಾರಿದರೂ ಗೊತ್ತಿರಲಿ.

ದೀಪಾವಳಿಗೆ ಹೋದಾಗ ನಮ್ಮ ಬೇಲಿಗೆ ಎರಡು ಕಡೆ ತಡಬೆ ಮಾಡಿಸಿದೆವು. ನಾಲ್ಕು ಕಂಬ, ನಾಲ್ಕು ಹಲಗೆ, ಒಂದು ದಿನದ ಕೂಲಿ. ಅಜ್ಜಿಗೆ ಹತ್ತಲು ಹಲಗೆ ತುಸು ಎತ್ತರವಾಯಿತಂತೆ. ಕೆಳಗೊಂದು ಕಲ್ಲು ಇಡಿಸಿದ್ದೇನೆಂದು ಅಪ್ಪ ಮೊನ್ನೆ ಫೋನಿನಲ್ಲಿ ಹೇಳಿದರು.